ಹನ್ನೊಂದನೆಯ ಮೀಟರು

ಅಜಾರಾ ಅಂತ ಈ ನಾಡಿನ ಹೆಸರು.
ಕನ್ನಡದ ಕಿವಿಗೆ ಅದು ಜಾರದ್ದು ಅಂತಲೇ ಕೇಳಿ
ನಗು ಬರುತ್ತದೆ, ಆಮೇಲೆ ನಿಲ್ಲುತ್ತದೆ:
ಇಲ್ಲಿ ಹಿತ್ತಿಲ ಬೇಲಿ ಪ್ರತಿ ವಸಂತಕ್ಕೂ
ಒಂದು ಗೇಣು ಕೆಳಗಿರುತ್ತದೆ.

ಫಾದಿಮೆಯ ಕೊಟ್ಟಿಗೆಯ ಕಲ್ಲುಗೋಡೆ ಬಿರುಕು ಬಿಟ್ಟಲ್ಲಿ
ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು,
ಒಡೆದರೆ ಹೇಳಮ್ಮ ಅಂದು ಹೋಗಿದ್ದರು.
ಮೂರು ಒಡೆದವು. ನಾಲ್ಕನೆಯದನ್ನು
ದಿನಾ ಒರೆಸುತ್ತಾಳೆ ಅವಳು, ಕಿಟಕಿಯೇನೋ ಎಂಬಂತೆ.

ಇದು ಬಂಡೆಯಲ್ಲ, ಮಣ್ಣೂ ಅಲ್ಲ.
ಯಾವ ಕಾಲಕ್ಕೋ ಮೇಲಿನ ನೆತ್ತಿ ಮುರಿದು
ಜೇಡಿಗೆ ಕಲ್ಲು ಕಲಸಿಹೋದದ್ದು.
ಮುಷ್ಟಿಯಷ್ಟು, ಕುರಿಯಷ್ಟು, ಕಣಜದಷ್ಟು ಕಲ್ಲು.
ಒಂದಕ್ಕೊಂದು ತಾಗಿ ಕೂತಿದ್ದರೆ ಒಂದು ಮಾತು,
ತಾಗದೆ ಜೇಡಿಯಲ್ಲಿ ತೇಲುತ್ತಿದ್ದರೆ ಇನ್ನೊಂದು.
ಹೊರಗಿಂದ ಎರಡೂ ಮೆಕ್ಕೆಜೋಳದ ಹೊಲವೇ.

ಹಾಗಾದರೆ ಹಿಡಿದಿರುವುದು ಯಾರು?
ಮೊಮ್ಮಗ ಬಾದ್ರಿ ಕೇಳಿದ.
ಲಮಾರಾ ನೋಟ್‌ಬುಕ್ಕಿನಿಂದ ತಲೆಯೆತ್ತದೆ ಅಂದಳು:
ಜಾರುವುದಕ್ಕೂ ದಾರಿ ಬೇಕಲ್ಲ ಮರಿ.
ಕಲ್ಲು ಎದುರಾದಲ್ಲಿ ಬಳಸಬೇಕು,
ಬಳಸಿದಷ್ಟೂ ದಣಿಯಬೇಕು.
ನಿನ್ನಜ್ಜಿ ಇಷ್ಟು ವರ್ಷ ನಿದ್ದೆ ಮಾಡಿದ್ದು
ಆ ದಣಿವಿನ ಮೇಲೆ.

ಜುಂಬೆರ್ ಕೊರೆದ.
ಆರು, ಎಂಟು, ಒಂಬತ್ತು: ನೀಲಿಬೂದು ಜೇಡಿ,
ಈಗತಾನೆ ನಾದಿಟ್ಟಂತೆ.
ಹನ್ನೊಂದಕ್ಕೆ ಯಂತ್ರ ಕಿರುಚಿತು.
ಕೊಳವೆಯಿಂದ ಇಳಿಯಿತು ಕಪ್ಪು ಕಲ್ಲು,
ಇಡಿಯಾಗಿ, ನುಣ್ಣಗೆ, ಇನ್ನೂ ಬಿಸಿ.
ತಳ! ಅಂದರು ಯಾರೋ. ತಳ ಸಿಕ್ಕಿತು!
ಬೇಲಿಯಾಚೆಯವರು ಅಕ್ರೋಟು ತಂದರು,
ಜುಂಬೆರ್ ಟೋಪಿ ತೆಗೆದು ಬೆವರೊರೆಸಿಕೊಂಡ.
ಫಾದಿಮೆ ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಇನ್ನೂ ಇಳಿಸು, ಅಂದಳು ಲಮಾರಾ.

ಹನ್ನೆರಡು, ಕಲ್ಲು. ಹದಿಮೂರು, ಕಲ್ಲೇ.
ಅದಕ್ಕಿಂತ ಒಂದು ಮೊಳ ಕೆಳಗೆ
ಸರಳು ಸದ್ದಿಲ್ಲದೆ
ತನ್ನಷ್ಟಕ್ಕೆ ಕುಸಿಯಿತು.
ಬಂದದ್ದು ಮತ್ತೆ ಜೇಡಿ. ಒದ್ದೆ. ಒಂದು ಮೈಗೆ
ಬಟ್ಟಲ ಒಳಮೈಯ ಹೊಳಪು.
ಅದರಲ್ಲಿ ಬೆರಳುದ್ದದ ಮರದ ಚೂರು, ತೊಗಟೆ ಸಮೇತ.

ಅಕ್ರೋಟು ಒಡೆಯುವ ಸದ್ದು ನಿಂತಿತು.
ಫಾದಿಮೆ ಚೂರನ್ನು ಮೂಸಿ ನೋಡಿದಳು.
ನಮ್ಮ ತೊಲೆಯ ಜಾತಿಯೇ, ಅಂದಳು.
ಬೀಳುತ್ತದೆಯೇ ಎಂದು ಕೇಳಲಿಲ್ಲ.
ಈ ಕಲ್ಲು ಎಷ್ಟು ದೊಡ್ಡದು, ಅಂದಳು.
ಒಂದು ತೂತಿನಿಂದ ಹೇಳಲಾರೆ.
ಹಾಗಾದರೆ ಹಸುವಿನ ಮಗ್ಗುಲಲ್ಲಿ ಇನ್ನೊಂದು ಕೊರೆಯಿರಿ.

ಲಮಾರಾ ಬರೆದುಕೊಂಡಳು, ಮಬ್ಬಾಗುವವರೆಗೆ.

ಆ ರಾತ್ರಿ ಸೀಮೆಸುಣ್ಣ ಹಿಡಿದು
ಮೇಲಂತಸ್ತಿನ ಹಲಗೆಗಳಿಗೆ ಅಂಕಿ ಹಾಕತೊಡಗಿದಳು ಮುದುಕಿ.
ಮರದ ಮನೆ, ಬಿಚ್ಚಿದರೆ ಬಿಚ್ಚುತ್ತದೆ,
ಕ್ರಮ ತಪ್ಪದಿದ್ದರೆ ಸಾಕು.
ಬಾದ್ರಿ ದೀಪ ಹಿಡಿದ. ಒಂದು, ಎರಡು, ಮೂರು.
ನಾಲ್ಕರ ಮೂಲೆಯಲ್ಲಿ, ಮಸಿಯ ಅಡಿಗೆ,
ಅವಳ ಬೆರಳಿಗೆ ಏನೋ ತಡೆಯಿತು:
ಉಳಿಯ ಗೀರುಗಳು. ಎಣಿಸಿದಳು.
ನಾಲ್ಕು.