ಅರವತ್ತೊಂದು ದಿನ

ಬೋಟುಗಳೆಲ್ಲ ದಕ್ಕೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಮೇಲೆ
ತಾಂಡೇಲರಿಗೆ ಕೆಲಸವಿಲ್ಲ, ನನಗೆ ಪುರುಸೊತ್ತಿಲ್ಲ.
ಮಲ್ಪೆ ಬಸ್‌ಸ್ಟ್ಯಾಂಡಿನ ಹಿಂದೆ, ಐಸ್ ಪ್ಲಾಂಟಿಗೆ ಹೋಗುವ ಓಣಿಯಲ್ಲಿ
ನನ್ನ ಅಂಗಡಿ: ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ.
ಒಂದು ಕಂಪ್ಯೂಟರು, ಎರಡು ಬೆಂಚು.
ಬೆಂಚಿನ ಮೇಲೆ ಜೂನ್ ಒಂದರಿಂದ ಜುಲೈ ಮುಗಿಯುವ ತನಕ
ಲೋಕದ ಸಕಲ ವಿಷಯಕ್ಕೂ ತೀರ್ಪು.

ಡೀಸೆಲ್ ಸಬ್ಸಿಡಿಯ ಪುಟ ತೆರೆಯುವುದು
ಹಳೇ ಬ್ರೌಸರಿನಲ್ಲಿ ಮಾತ್ರ.
ಹೊಸತಕ್ಕೆ ಕೊಟ್ಟರೆ ಅಕ್ಷರವೆಲ್ಲ ಚೌಕ ಚೌಕ.
"ಅದು ಸತ್ತಿದೆ ಅಂತ ಕಂಪನಿಯೇ ಹೇಳಿಯಾಗಿದೆಯಲ್ಲ?"
ಅಂದ ನಿತೇಶ, ಡಿಪ್ಲೊಮಾ ಎರಡನೇ ವರ್ಷ.
ಸತ್ತವರಿಗೂ ನಾವು ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವುದಿಲ್ಲವಾ,
ಹಾಗೇ ಇದೂ, ಎಂದೆ.

ಚಂದು ಸಾಲ್ಯಾನರ ಸಂಶಯ ಬೇರೆ:
"ಹುಡುಕಲಿಕ್ಕೆ, ಪತ್ರ ಕಳಿಸಲಿಕ್ಕೆ, ದಾರಿ ತೋರಿಸಲಿಕ್ಕೆ
ಎಲ್ಲ ಪುಕ್ಕಟೆ ಕೊಡುತ್ತಾರಲ್ಲ ಈ ಕಂಪನಿಯವರು,
ಗಾಳಕ್ಕೆ ಸಿಕ್ಕಿಸಿದ ಎಟ್ಟಿಗೆ
ಯಾವ ಮೀನಾದರೂ ದುಡ್ಡು ಕೊಟ್ಟದ್ದುಂಟಾ?"
ಬೆಂಚು ನಕ್ಕಿತು.
ಆಮೇಲೆ ಅವರೇ ಕೇಳಿದರು,
ಮೊಮ್ಮಗಳ ವಿಡಿಯೋ ಸ್ವಲ್ಪ ದೊಡ್ಡದು ಮಾಡಿ ತೋರಿಸು.

ದಿನಕ್ಕೆ ಮೂವತ್ತು ಸಲ ಯಂತ್ರ ಕೇಳುತ್ತದೆ:
ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?
ಮೂವತ್ತು ಸಲವೂ ಬೇಡ ಎನ್ನುತ್ತೇನೆ.
ನೆನಪಿಡುವುದು ನನ್ನ ಕೆಲಸ.
ಶಂಭು ಕಲಾಸಿಯದು ಹೆಂಡತಿಯ ಹೆಸರು, ಅವಳು ತವರಿಗೆ ಹೋದ ಇಸವಿ.
ಹಿಲ್ಡಾ ಬಾಯಿಯದು ಮುಳುಗಿದ ಬೋಟಿನ ಹೆಸರು,
ಕೊನೆಗೊಂದು ಆಶ್ಚರ್ಯಸೂಚಕ.
ಅದಿಲ್ಲದೆ ಒಪ್ಪುವುದಿಲ್ಲ ಯಂತ್ರ.
ಇದನ್ನೆಲ್ಲ ಬರೆಯಬಾರದಿತ್ತು. ಹೆಸರು ಬದಲಿಸಿದ್ದೇನೆ.

ಮೀನಿರುವ ಜಾಗ ಈಗ ಉಪಗ್ರಹ ಹೇಳುತ್ತದೆ,
ಅಕ್ಷಾಂಶ, ರೇಖಾಂಶ, ಎಷ್ಟು ಮಾರು ಆಳ.
ವಾಮನ ತಿಂಗಳಾಯರಿಗೆ ಅದರ ಮೇಲೆ ಕೋಪ:
"ನನಗೆ ಬಂದ ಮೆಸೇಜೇ ನೂರು ಬೋಟಿಗೂ ಬರ್ತದೆ.
ಅಲ್ಲಿಗೆ ಮುಟ್ಟಿದರೆ ಮೀನಿಗಿಂತ ತಾಂಡೇಲರೇ ಹೆಚ್ಚು.
ನನ್ನಪ್ಪ ನೀರಿನ ಬಣ್ಣ ನೋಡಿ ಬಲೆ ಬಿಡುತ್ತಿದ್ದ.
ಒಬ್ಬನೇ ನೋಡಿದ್ದು, ಒಬ್ಬನಿಗೇ ಗೊತ್ತು."
ನಿತೇಶ ಫೋನಿನಿಂದ ತಲೆ ಎತ್ತದೆ ಹೇಳಿದ:
ಉಪಗ್ರಹವೂ ನೋಡುವುದು ಅದನ್ನೇ ದೊಡ್ಡಪ್ಪ,
ನೀರಿನ ಬಣ್ಣ.

ತುಟಿಗಿಟ್ಟ ಬೀಡಿ ಹಚ್ಚಲಿಲ್ಲ ತಿಂಗಳಾಯರು.
ಬಹಳ ಹೊತ್ತಿನ ಮೇಲೆ, "ಎಷ್ಟು ಎತ್ತರದಿಂದ?"
ಏಳು ನೂರು ಕಿಲೋಮೀಟರು.
"ಅಪ್ಪ ದೋಣಿಯ ಮೂತಿಯ ಮೇಲೆ ನಿಲ್ಲುತ್ತಿದ್ದ,"
ಅಂದರು. ದೂರಿದ ಹಾಗೂ ಇರಲಿಲ್ಲ, ಹೊಗಳಿದ ಹಾಗೂ.

ಚಂದ್ರನಿಗೆ ಸುರಿದ ದುಡ್ಡಿನಲ್ಲಿ ಅಳಿವೆಯ ಹೂಳೆತ್ತಬಹುದಿತ್ತು.
ಇದು ಪ್ರತಿ ರಜೆಯಲ್ಲೂ ಬಂದೇ ಬರುವ ಮಾತು.
ಹೂಳು ಸುಳ್ಳಲ್ಲ, ಕಳೆದ ವರ್ಷ ಎರಡು ಬೋಟು ಕೂತವು.
ಎಲ್ಲರೂ ತಲೆ ಆಡಿಸಿದರು.
ಒಣಮೀನಿನ ಬುಟ್ಟಿ ಹೊರಗಿಟ್ಟು
ಆಧಾರ್ ತಿದ್ದಿಸಲು ಬಂದ ಮುತ್ತಕ್ಕ ಮಾತ್ರ:
"ದಿನಕ್ಕೆರಡು ಸಲ ನೀರು ತಳ್ಳಿಕೊಂಡು
ನಮ್ಮ ಅಂಗಳದ ತನಕ ಬರುವವನು ಅವನು.
ಒಮ್ಮೆಯಾದರೂ ಅವನ ಮನೆಗೆ ಹೋಗಿ ಬರುವುದು
ಮರ್ಯಾದೆಯಲ್ಲವಾ ಮಾರಾಯ್ರೆ?"

ಮುತ್ತಕ್ಕನ ಬೆರಳು ಯಂತ್ರಕ್ಕೆ ಸಿಗಲಿಲ್ಲ.
ನಲವತ್ತು ವರ್ಷದ ಉಪ್ಪು ಗೆರೆಗಳನ್ನು ತಿಂದಿದೆ.
ನಾಲ್ಕು ಸಲ ಒತ್ತಿಸಿದೆ, ಸೀರೆಯ ಸೆರಗಲ್ಲಿ ಒರೆಸಿ ಮತ್ತೆ ಒತ್ತಿಸಿದೆ.
ಅಷ್ಟು ಮೇಲಿನಿಂದ ನೀರಿನ ಬಣ್ಣ ಕಾಣುತ್ತದೆ,
ಅಂಗೈಯಷ್ಟು ದೂರದಲ್ಲಿ ಮುತ್ತಕ್ಕ ಕಾಣುವುದಿಲ್ಲ.
ಎಣ್ಣೆ ಹಚ್ಚಿ ಮಲಗಿ, ನಾಳೆ ಬನ್ನಿ, ಎಂದೆ.
"ನಾಳೆ ಬಂದರೆ ನಾನೇ ಆಗುತ್ತೇನಾ?" ಅಂತ ನಕ್ಕು ಬುಟ್ಟಿ ಎತ್ತಿದರು.

ಏಳು ಗಂಟೆಗೆ ಶಟರ್ ಎಳೆಯುವ ಮೊದಲು
ತೆರೆದ ಪುಟಗಳನ್ನು ಒಂದೊಂದೇ ಮುಚ್ಚುತ್ತೇನೆ:
ಪಹಣಿ, ಪಾನ್, ಫಲಿತಾಂಶ, ಯಾರದೋ ರೈಲು ಟಿಕೆಟು.
ಕೊನೆಗೆ ಉಳಿದದ್ದು ತಿಂಗಳಾಯರಿಗಾಗಿ ತೆರೆದ ಕಡಲಿನ ನಕ್ಷೆ.
ಕಾರವಾರದಿಂದ ಕೆಳಗೆ ಎಲ್ಲ ಬೂದಿ.
ಮೋಡ ಕವಿದಿರುವುದರಿಂದ ಮಾಹಿತಿ ಲಭ್ಯವಿಲ್ಲ.

ಅದರಡಿ ಎಲ್ಲೋ ಬೂತಾಯಿ ಮೊಟ್ಟೆ ಇಡುತ್ತಿರಬೇಕು,
ಮೇಲಿನವರಿಗೂ ಕಾಣದೆ, ನಮಗೂ.

ಅದೊಂದನ್ನು ಮುಚ್ಚದೆ ಸ್ವಿಚ್ ಆರಿಸಿದೆ.
ನಾಳೆ ಬೆಳಿಗ್ಗೆ ಯಂತ್ರ ಕೇಳುತ್ತದೆ,
ನಿನ್ನೆಯದನ್ನು ಮರಳಿ ತೆರೆಯಲೇ ಅಂತ.