ಹೀಟರಿಲ್ಲದ ನೀರು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ
ನನಗಿದ್ದ ಕೆಲಸ ಒಂದೇ:
ಮುಳ್ಳು ಸೊನ್ನೆಯಿಂದ ಮೇಲೇರದಂತೆ ನೋಡಿಕೊಳ್ಳುವುದು.
ಸತ್ತ ಶೆಟ್ಲಿ, ಲಾರಿ ಮಡಗಾಂವ ಮುಟ್ಟುವ ತನಕ,
ಈಗಷ್ಟೇ ಸತ್ತಂತೆ ಇರಬೇಕು.

ಅದಕ್ಕೇ ಇರಬೇಕು, ಕೋಡಿಬಾಗದ ಬಾಡಿಗೆ ಕೋಣೆಯ ಕಿಟಕಿಗೆ
ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿ ತಂದಿಟ್ಟ ದಿನ
ಹಟ ಹಿಡಿದೆ: ಇಲ್ಲಿ ಮುಳ್ಳು ಬೇಡ.
ಕಾಯಿಸುವ ಕೋಲು ಬೇಡ, ತಣಿಸುವ ಯಂತ್ರ ಬೇಡ,
ಕಾರವಾರದ ಹವೆ ಕೊಟ್ಟಷ್ಟೇ ಬಿಸಿ.
ಮೇ ತಿಂಗಳಲ್ಲಿ ಬೆರಳದ್ದಿದರೆ ಕೂಸು ಮೀಯಿಸುವ ನೀರು,
ಡಿಸೆಂಬರಿನ ನಸುಕಿಗೆ, ಘಟ್ಟದ ಗಾಳಿ ಇಳಿದಾಗ,
ಬಾವಿಹಗ್ಗದ ಒದ್ದೆ ತಂಪು.
ಒಗ್ಗುವವರು ಬರಲಿ.

‘ಬೆನ್ನೆಲುಬು ಇದ್ದದ್ದು ಬೇಡ’ ಅಂದೆ ರುಜಾರನಿಗೆ.
‘ನಿಮ್ಮ ಯೂನಿಯನ್ನಿನ ಹಾಗಾ?’ ಅಂತ ನಕ್ಕ.
ತೋರಿಸಿದ ಮೊದಲು ನೀಲಿ ಕ್ರೇಫಿಶ್, ಇಕ್ಕಳದಂಥ ಕೈ,
ರಾಜಗಾಂಭೀರ್ಯ.
ಬೇರು ಸಮೇತ ಕೀಳುತ್ತದೆ, ನೆರೆಯವರನ್ನು ತಿನ್ನುತ್ತದೆ.
ಕುಂಡದಲ್ಲಿ ತುಳಸಿ ನೆಟ್ಟವ ಆನೆ ಸಾಕುತ್ತಾನೆಯೇ?

ಆಮೇಲೆ ತೋರಿಸಿದ ಚೆರ್ರಿ ಶೆಟ್ಲಿ,
ಉಗುರಿನ ಉದ್ದ, ಒಣಮೆಣಸಿನ ಸಿಪ್ಪೆಯ ಕೆಂಪು.
‘ಹತ್ತು ಒಯ್ಯಿ ಮಾರಾಯ. ಗಂಡು ಯಾವುದು ಹೆಣ್ಣು ಯಾವುದು
ಅಂತ ನೀನು ತಲೆಕೆಡಿಸಿಕೊಳ್ಳಬೇಡ, ಅವಕ್ಕೆ ಗೊತ್ತಿದೆ.’
ಸುತ್ತಿದ ಚಕ್ಕುಲಿಯಂಥ ಬಸವನಹುಳು
ಗಿಡದ ಬುಡಕ್ಕೆ ಅಂಟಿ ತಾನಾಗಿ ಬಂತು, ಬಿಲ್ಲಿನಲ್ಲಿ ಇಲ್ಲ.
ಕೊನೆಗೆ, ಚಂದಕ್ಕೆ ಸೋತು, ನಾನೇ ಕೇಳಿ ತಂದದ್ದು
ಕರಿ ಪಟ್ಟೆಯ ನೆರೈಟ್, ಒಂದೇ ಒಂದು.

ತಂದವನು ಮೊದಲು ಒಂದು ತಿಂಗಳು ಕಾಯಬೇಕಿತ್ತು,
ಬರೀ ನೀರು, ಬರೀ ಹಾವಸೆ ನೋಡುತ್ತ.
ಕಾಯಲಿಲ್ಲ. ಹತ್ತರಲ್ಲಿ ಮೂರು ಹೋದವು.
ಆಮೇಲೆ ಕಲಿತೆ: ನಳದ ನೀರು ಕೊಡದಲ್ಲಿ ಒಂದು ದಿನ ನಿಲ್ಲಲಿ.
ಆ ಕೊಡ ತಾಮ್ರದ್ದು ಮಾತ್ರ ಆಗಿರಬಾರದು.
ಸಮುದ್ರದಂಡೆಯ ಕಾಡುಬಾದಾಮಿ ಎಲೆ, ತಾನಾಗಿ ಉದುರಿದ್ದು, ಒಂದು ಸಾಕು;
ಒಂದು ವಾರದ ಊಟ, ನೀರಿಗೆ ಚಹದ ಬಣ್ಣ.
ಒಮ್ಮೆ ಎದೆ ಧಸಕ್ಕೆಂದಿತು: ಪಾಚಿಯ ಮೇಲೆ ಬಿಳಿಚಿದ ಹೆಣ.
ಹೆಣವಲ್ಲ, ಕಳಚಿಟ್ಟ ಅಂಗಿ.
ಅಂಗಿಯವಳು ಎಲೆಯಡಿ ಅಡಗಿದ್ದಳು, ಮೆತ್ತಗೆ, ನಾಚಿದಂತೆ.

ಮಾರನೇ ವಾರ ಅವಳ ಹೊಟ್ಟೆಯಡಿ
ಸಾಸಿವೆಗಿಂತ ಸಣ್ಣ, ಹಳದಿ ಗೊಂಚಲು.
ನಿಂತಲ್ಲೇ ಕಾಲುಗಳಿಂದ ಗಾಳಿ ಹಾಕುತ್ತಾಳೆ,
ಹಗಲು, ರಾತ್ರಿ, ನನ್ನ ಪಾಳಿ ಮುಗಿದು ಬಂದರೂ.
ಕಡಲ ಶೆಟ್ಲಿ ಮೊಟ್ಟೆಯನ್ನು ನೀರಿಗೆ ಚೆಲ್ಲಿ ಹೋಗುತ್ತದಂತೆ.
ಇದು ಹೊತ್ತು ತಿರುಗುತ್ತದೆ.
ಟನ್ನುಗಟ್ಟಲೆ ಸುರಿದವನಿಗೆ ಇಷ್ಟೂ ಗೊತ್ತಿರಲಿಲ್ಲ.

ದತ್ತಾರಾಮ ಬಂದು ಗಾಜಿಗೆ ಮೂಗು ತಾಗಿಸಿ ಕೇಳಿದ:
‘ಕೌಂಟ್ ಎಷ್ಟು?’
ನಮ್ಮ ಧಂದೆಯ ಪ್ರಶ್ನೆ, ಕಿಲೋಕ್ಕೆ ಎಷ್ಟು ತೂಗುತ್ತದೆ ಅಂತ.
ಲೆಕ್ಕ ಹಾಕಿದೆ. ನಾಲ್ಕು ಸಾವಿರ ಆಗಬಹುದು.
‘ಹಾಗಾದರೆ ಒಣಗಿಸಿ ಚಟ್ನಿಗೇ’ ಅಂದ. ಆದರೂ
ಹೋಗುವಾಗ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಚಾಚಿದ,
‘ಮರಿ ಆದರೆ ನಾಲ್ಕು ಕೊಡು, ಹುಡುಗಿಗೆ.’

ಮರಿ ಆದವು. ರೆಪ್ಪೆಕೂದಲಿನಷ್ಟು, ಆದರೆ ಪೂರ್ತಿ ಶೆಟ್ಲಿ,
ಮೀಸೆ ಕೂಡ ಇತ್ತು.
ಚಕ್ಕುಲಿ ಹುಳುವಿನ ಸಂಸಾರ ಎಣಿಸುವುದನ್ನು ಬಿಟ್ಟೇ ಬಿಟ್ಟೆ.

ನೆರೈಟ್ ಮಾತ್ರ
ಗಾಜಿನ ತುಂಬ ಬಿಳಿ ಎಳ್ಳು ಅಂಟಿಸುತ್ತ ಹೋಯಿತು,
ಸಾಲು ಸಾಲು, ತಪ್ಪದೆ. ಒಂದೂ ಒಡೆಯಲಿಲ್ಲ.
‘ಒಡೆಯೋದಿಲ್ಲ’ ಅಂದ ರುಜಾರ. ‘ಅದರ ಮಕ್ಕಳಿಗೆ ಉಪ್ಪು ಬೇಕು.
ಇಲ್ಲಿಯದೇ ಅದು, ಕಾಳಿ ಅಳಿವೆಯಲ್ಲಿ ಹುಡುಗರು ಹೆಕ್ಕಿದ್ದು.’

ಭಾನುವಾರ ಇಳಿತದ ಹೊತ್ತಿಗೆ
ಊಟದ ಡಬ್ಬಿಯಲ್ಲಿಟ್ಟು ಒಯ್ದೆ, ಸೇತುವೆಯ ಕೆಳಗೆ,
ಸಿಹಿ ಯಾವುದು ಉಪ್ಪು ಯಾವುದು
ನೀರಿಗೇ ತೀರ್ಮಾನವಾಗದ ಜಾಗ.
ಕಲ್ಲಿನ ಮೇಲಿಟ್ಟೆ. ಬಾಗಿಲು ಹಾಕಿಕೊಂಡು ಕೂತಿತು.
ಎರಡನೇ ಪಾಳಿಗೆ ಹೊತ್ತಾಗಿತ್ತು, ತೆರೆಯುವುದನ್ನು ನೋಡಲಿಲ್ಲ.

ಗಾಜಿನ ಮೇಲಿನ ಎಳ್ಳು
ಇನ್ನೂ ಕೆರೆದಿಲ್ಲ.