ಬೀಳು ಬಿಟ್ಟ ದಾರಿ

ನನ್ನ ಕೆಲಸ ಡಾಂಬರಿನ ಮ್ಯಾಲ ಬಿಳಿಗೆರಿ ಎಳಿಯೂದು.
ವೆರ್ಣಾದಿಂದ ಮಡಗಾಂವ್ ತನಕ ನೀವು ಹೋಗಿದ್ದರ
ನನ್ನ ಗೆರಿ ತುಳದೀರಿ. ತುಳೀರಿ,
ಅದಕ್ಕ ಅದು ಇರೂದು.

ಡಿಸೆಂಬರ್‌ದಾಗ ಒಬ್ಬ ಸಾಹೇಬ ಕರದ.
"ಯಮನೂರ, ಕಾಡಿನ್ಯಾಗ ಗುರ್ತು ಹಾಕ್ತಿಯೇನು?
ಇಪ್ಪತ್ತೊಂದು ಕಿಲೋಮೀಟರ್. ಬಣ್ಣ ಬ್ಯಾಡ, ಸುಣ್ಣ ಬ್ಯಾಡ,
ಬರೇ ರಿಬ್ಬನ್. ಓಟ ಮುಗದ ಮ್ಯಾಲ ಒಂದೂ ಉಳೀಬಾರದು."
ಅಳಸಾಕಂತನ ಗುರ್ತು ಹಾಕೂ ಕೆಲಸ
ಜೀವಮಾನದಾಗ ಮೊದಲನೇದು.

ನೇತ್ರಾವಳಿ ದಾಟಿ ವೆರ್ಲೆಂ ಹತ್ರ ಬಸ್ಸಿಳದೆ.
ಬಗಲಾಗ ಚೀಲ, ಚೀಲದಾಗ ಕಿತ್ತಳಿ ಬಣ್ಣದ
ಆರುನೂರಾ ಹನ್ನೆರಡು ತುಂಡು, ಎಣಿಸಿ ಕೊಟ್ಟಿದ್ರು.
ಐವತ್ತು ಹೆಜ್ಜಿಗೊಂದು. ದಾರಿ ಒಡದಲ್ಲಿ ಮೂರು.
ತಪ್ಪುದಾರಿಗೆ ಅಡ್ಡ ಒಂದು ಟೊಂಗಿ.
ಎರಡು ದಿನ ಹಿಡೀತು.

ಮತ್ತಿಗೊಂದು, ಕಿಂದಳಕ್ಕೊಂದು, ನಾಣೊಗೊಂದು.
ಗಿಡದ ಹೆಸರು ನನಗೇನ ಗೊತ್ತು,
ಹೇಳಿದಾಕಿ ಶೆವಂತಿ ವೆಳಿಪ್.
ಸೌದಿ ಹೊರಿ ಹೊತ್ತು ಹಿಂದ ಹಿಂದ ಬರಾಕಿ,
ಗಂಟು ಗಂಟಿಗೂ ನಿಂತು ನೋಡಾಕಿ.
"ಯಾರ ಮದುವಿ?"
"ಮದುವಿ ಅಲ್ಲವ್ವಾ, ಪಣಜಿ ಮಂದಿ ಓಡಾಕ ಬರ್ತಾರ."
"ಯಾರು ಬೆನ್ನ ಹತ್ಯಾರ?"
"ಯಾರೂ ಇಲ್ಲ."
"ಏನ ತರಾಕ?"
"ಏನಿಲ್ಲ. ಹೊಂಟಲ್ಲಿಗೇ ವಾಪಸ್ ಬರ್ತಾರ."
ಹೊರಿ ಇಳಿಸಿ, ಕುಂತು, ನಕ್ಕಳು.
ನನ್ನ ಹರಕು ಕೊಂಕಣಿಯಾಗ ನಾನೂ ನಕ್ಕೆ.

ಐತವಾರ ನಸುಕಿನ್ಯಾಗ ಮುನ್ನೂರು ಜನ
ಹಣಿಗೆ ದೀಪ ಕಟಿಗೊಂಡು ಕಾಡಿನ್ಯಾಗ ಹೊಕ್ಕರು,
ಮಿಣಕ ಹುಳದ ಸಾಲಿನಂಗ, ಆದರ
ಮಿಣಕ ಹುಳ ಅಷ್ಟು ಏದುಸಿರು ಬಿಡೂದಿಲ್ಲ.
ಹೊತ್ತೇರೂದರಾಗ ಒಬ್ಬೊಬ್ರ ವಾಪಸ್ ಬಂದ್ರು,
ಎಲ್ಲಾರ ಗಡಿಯಾರದಾಗೂ ಇಪ್ಪತ್ತೆರಡು.
ಸಾಹೇಬ ನನ್ನ ಮ್ಯಾಲ ಹಾರಾಡಿದ.
ಹೆಚ್ಚಿನ ಒಂದು ಕಿಲೋಮೀಟರ್ ಎಲ್ಲಿಂದ ಬಂತು?
ಕಾಡು ರಾತ್ರೋರಾತ್ರಿ ಬೆಳೀತೇನು?

ಬಿಚ್ಚಿಕೋತ ಹೋದೆ.
ಹಳ್ಳ ದಾಟಿದ ಮ್ಯಾಲ ಬೆರಳು ತಡವರಿಸಿತು,
ಗಂಟು ನಂದಲ್ಲ.
ನಮ್ಮಪ್ಪ ಬೈನಾದಾಗ ಸೆಂಟ್ರಿಂಗ್ ಬೊಂಬು ಕಟ್ಟಾಂವ,
ಎರಡು ಸುತ್ತು, ಒಂದು ಎಳತ;
ಅಂವ ಹೋದರೂ ಆ ಗಂಟು ನನ್ನ ಕೈಯಾಗೈತಿ.
ಇದು ಭತ್ತದ ಸೂಡು ಕಟ್ಟೂ ಗಂಟು,
ತಿರುವಿ, ತುದಿ ಒಳಗ ಸಿಗಿಸಿದ್ದು.
ಮೂವತ್ತು ಗಂಟು ಹಂಗ, ನೂರು ಹೆಜ್ಜಿಗೊಂದು.
ಎಡಕ್ಕ ಇಳೀಬೇಕಾದ ದಾರಿ ಬಲಕ್ಕ ಏರಿ
ಗುಡ್ಡದ ಹೊಟ್ಟಿ ಬಳಸಿ ಬಂದಿತ್ತು.

ಶೆವಂತಿ ಅಂಗಳದಾಗ ರಾಗಿ ಕೇರಾಕತ್ತಿದ್ಲು.
ಮೊರದಿಂದ ಕಣ್ಣು ಎತ್ತಲಿಲ್ಲ.
"ಆ ದಾರಿ ಈ ವರ್ಷ ಮಲಗೇತಿ.
ಕುಮರಿ ಹೊಲಾ ಬೀಳು ಬಿಡೂದಿಲ್ಲೇನು, ಹಂಗ.
ತುಳದು ತುಳದು ಅದರ ಬೆನ್ನೆಲುಬು ಕಾಣಾಕತ್ತಿತ್ತು.
ಹ್ವಾದ ಶಿಗ್ಮೋದಿಂದ ನಮ್ಮ ದನಾನೂ ಅತ್ತ ಹೋಗಿಲ್ಲ.
ನೀ ಮುನ್ನೂರು ಜೋಡು ಬೂಟು ತಂದಿ."

"ನನಗ ಹೇಳಬೇಕಿತ್ತಲ್ಲ?"

"ನೀ ಎಣಿಸಾಕತ್ತಿದ್ದಿ."

ಮಲಗಿದ ದಾರಿಯ ಬಾಯಾಗ ಹೋಗಿ ನಿಂತೆ.
ಜಡಿಗಟ್ಟಿದ ಕೆಂಪು ಮಣ್ಣಿನ್ಯಾಗ ಅಲ್ಲೊಂದು ಇಲ್ಲೊಂದು
ಹುಲ್ಲಿನ ಎಳಿ, ಎಳಿಗೂಸಿನ ಕೂದಲಿದ್ದಂಗ.
ಕಾಲು ಇಡಲಿಲ್ಲ.
ಚೀಲ ಸೊಂಟಕ್ಕ ಬಿಗದು, ಚಪ್ಪಲಿ ಕೈಯಾಗ ಹಿಡದು
ಬಲಗಡಿ ದಾರಿ ಹಿಡದು ಓಡಿದೆ.
ಯಾರೂ ಬೆನ್ನ ಹತ್ತಿರಲಿಲ್ಲ.
ಏನೂ ತರೂದಿರಲಿಲ್ಲ.

ಆರುನೂರಾ ಹನ್ನೆರಡೂ ಎಣಿಸಿ ಒಪ್ಪಿಸಿದೆ.
ಒಂದು ಕಿಲೋಮೀಟರಿಗೆ ಐನೂರು ರೂಪಾಯಿ ಮುರಕೊಂಡ್ರು.
ಯಾಕಂತ ಹೇಳಲಿಲ್ಲ ನಾನು.

ಸೋಮವಾರ ಮತ್ತ ವೆರ್ಣಾ, ಮತ್ತ ಬಿಳಿ ಬಣ್ಣದ ಡಬ್ಬಿ.
ಮುಂಜಾನೆ ರೊಟ್ಟಿ ಬುತ್ತಿ ಕಟ್ಟೂ ಮುಂದ
ಆಕಿ ಗಂಟು ಹಾಕಾಕ ನೋಡಿದೆ,
ತಿರುವಿದೆ, ತುದಿ ಒಳಗ ಸಿಗಿಸಿದೆ.
ಬಸ್ ಸ್ಟ್ಯಾಂಡ್ ಮುಟ್ಟೂದರಾಗ
ಬಿಚಿಗೊಂತು.